ಎರಡು ಹೊತ್ತು ಹಲ್ಲುಜ್ಜಿದರೂ ಬಾಯಿ ವಾಸನೆ ಹೋಗುತ್ತಿಲ್ಲ. ಮೌತ್‌ವಾಶ್ ಹಾಕಿದರೂ ಅರ್ಧ ಗಂಟೆಗೆ ಮರಳುತ್ತದೆ. ಹೊಟ್ಟೆಯ ತೊಂದರೆ ಇರಬಹುದೇ?

ಹೊಟ್ಟೆಯ ಮೇಲಿನ ಅನುಮಾನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅನ್ನನಾಳ ತೆರೆದುಕೊಳ್ಳುವುದು ನುಂಗುವಾಗ, ತೇಗುವಾಗ ಮಾತ್ರ. ಉಳಿದ ಹೊತ್ತು ಮುಚ್ಚಿಯೇ ಇರುತ್ತದೆ. ಹತ್ತರಲ್ಲಿ ಎಂಟು ಜನರಿಗಾದರೂ ವಾಸನೆ ಹುಟ್ಟುವುದು ಬಾಯಲ್ಲೇ.

ಮೌತ್‌ವಾಶ್ ಹಾಕಿದ ಅರ್ಧ ಗಂಟೆಗೆ ವಾಸನೆ ಮರಳುತ್ತದೆ ಎಂದು ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಪುದೀನದ ಘಮ ಆರಿತು, ಕೊಳೆ ಇದ್ದಲ್ಲೇ ಇದೆ. ಬ್ರಷ್ ಮುಟ್ಟದ ಜಾಗ ಯಾವುದು ಎಂದು ಹುಡುಕಬೇಕು, ಅಷ್ಟೇ.

ಕನ್ನಡಿ ಮುಂದೆ ನಿಂತು, ಟಾರ್ಚ್ ಹಿಡಿದು ನಾಲಿಗೆಯನ್ನು ಪೂರ್ತಿ ಚಾಚಿ ನೋಡಿ. ತುದಿ ಗುಲಾಬಿ ಬಣ್ಣಕ್ಕಿರುತ್ತದೆ, ಹಿಂದೆ ಹೋದಂತೆ ಬಿಳಿ ಅಥವಾ ಹಳದಿ ಲೇಪ ಕಾಣಬಹುದು. ಉದುರಿದ ಜೀವಕೋಶ, ಊಟದ ಚೂರು, ಮೂಗಿನ ಹಿಂದಿನಿಂದ ಇಳಿದ ಲೋಳೆ ಎಲ್ಲ ಸೇರಿ ಆದದ್ದು ಅದು. ಗಾಳಿಯಾಡದ ಆ ಪದರದಡಿ ಬದುಕುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ನಾತ, ಮೀಥೈಲ್ ಮರ್ಕ್ಯಾಪ್ಟನ್‌ಗೆ ಕೊಳೆತ ಕೋಸಿನ ನಾತ.

ಅಂಗೈಗೆ ಉಸಿರು ಬಿಟ್ಟು ಮೂಸಿದರೆ ಏನೂ ತಿಳಿಯುವುದಿಲ್ಲ. ನಮ್ಮ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಬದಲಿಗೆ ಚಮಚದ ಅಂಚಿನಿಂದ ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಕೆರೆದು, ಐದಾರು ಸೆಕೆಂಡು ಬಿಟ್ಟು ಮೂಸಿ. ಆಮೇಲೆ ದವಡೆ ಹಲ್ಲುಗಳ ಸಂದಿಗೆ ಫ್ಲಾಸ್ ದಾರ ಆಡಿಸಿ ಅದನ್ನೂ ಮೂಸಿ. ಯಾವುದು ನಾರುತ್ತದೋ ಕೆಲಸ ಅಲ್ಲಿಂದ ಶುರು.

ನಾಲಿಗೆಗೆ ಬ್ರಷ್‌ಗಿಂತ ಟಂಗ್ ಕ್ಲೀನರ್ ಒಳ್ಳೆಯದು, ಏಕೆಂದರೆ ಬ್ರಷ್ ಲೋಳೆಯನ್ನು ಅತ್ತಿತ್ತ ಸವರುವುದೇ ಹೆಚ್ಚು. ಬಹಳ ಜನ ತಪ್ಪುವುದು ಎಲ್ಲಿ ಎಂದರೆ, ನಾಲಿಗೆಯ ನಡುವಿನಿಂದ ತುದಿಗೆ ಎಳೆದು ಮುಗಿಸುತ್ತಾರೆ. ಲೇಪ ದಟ್ಟವಾಗಿರುವುದು ಅದಕ್ಕೂ ಹಿಂದೆ. ವಾಕರಿಕೆ ಬಾರದಷ್ಟು ಹಿಂದಕ್ಕೆ ಇಟ್ಟು ಮುಂದಕ್ಕೆ ಎಳೆಯಿರಿ, ಪ್ರತಿ ಸಲವೂ ತೊಳೆಯಿರಿ, ನಾಲ್ಕೈದು ಸಲ ಸಾಕು. ಉಸಿರು ಹೊರಬಿಡುತ್ತಾ ಎಳೆದರೆ ವಾಕರಿಕೆ ಕಡಿಮೆ. ರಕ್ತ ಬರುವಂತೆ ಕೆರೆಯಬೇಡಿ, ಹುಣ್ಣಾಗುತ್ತದೆ ಹೊರತು ಇನ್ನಷ್ಟು ಶುದ್ಧವಾಗುವುದಿಲ್ಲ.

ಹಲ್ಲಿನ ಸಂದಿಗೆ ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ, ಫ್ಲಾಸ್. ಸುಮಾರು 45 ಸೆಂಟಿಮೀಟರ್ ದಾರವನ್ನು ಎರಡೂ ನಡುಬೆರಳಿಗೆ ಸುತ್ತಿ, ಮಧ್ಯೆ ಎರಡು ಮೂರು ಸೆಂಟಿಮೀಟರ್ ಬಿಗಿಯಾಗಿ ಹಿಡಿಯಿರಿ. ಗರಗಸದಂತೆ ಮೆಲ್ಲಗೆ ಇಳಿಸಿ, ಹಲ್ಲಿಗೆ ಬಾಗಿಸಿ ಅಪ್ಪಿಸಿ, ವಸಡಿನಂಚಿನ ಒಳಗೆ ತುಸು ಇಳಿಸಿ ಮೇಲೆ ಕೆಳಗೆ ಉಜ್ಜಿ. ಪಕ್ಕದ ಹಲ್ಲಿಗೂ ಹೀಗೇ. ಸಂದಿ ಅಗಲವಾಗಿದ್ದರೆ ಅದರೊಳಗೆ ತೂರುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಇನ್ನೂ ಉತ್ತಮ. ಮೊದಲ ದಿನಗಳಲ್ಲಿ ರಕ್ತ ಬಂದೀತು. ಅದು ಉರಿಯೂತದ ಲಕ್ಷಣ, ಹೆದರಿ ನಿಲ್ಲಿಸಬೇಡಿ. ಎರಡು ವಾರವಾದರೂ ನಿಲ್ಲದಿದ್ದರೆ ಹಲ್ಲಿನ ಡಾಕ್ಟರ ಬಳಿ ಹೋಗಿ. ಹಲ್ಲಿಗೂ ವಸಡಿಗೂ ನಡುವಿನ ಸಂದು ಆರೋಗ್ಯವಾಗಿದ್ದರೆ ಒಂದರಿಂದ ಮೂರು ಮಿಲಿಮೀಟರ್ ಆಳ. ಅದಕ್ಕಿಂತ ಆಳವಾದರೆ ಮನೆಯ ಸಲಕರಣೆ ತಳ ಮುಟ್ಟುವುದಿಲ್ಲ, ಡಾಕ್ಟರೇ ಒಳಗಿನ ಕಲ್ಲು (ಗಟ್ಟಿಗಟ್ಟಿದ ಕೊಳೆ) ತೆಗೆಯಬೇಕು. ದಾರ ಪ್ರತಿ ಸಲವೂ ಒಂದೇ ಕಡೆ ಎಳೆಬಿಡುತ್ತಿದ್ದರೆ ಅಲ್ಲಿ ಹುಳುಕು ಇರಬಹುದು, ಇಲ್ಲವೇ ತುಂಬಿಸಿದ ಸಿಮೆಂಟ್ ಅಂಚು ಬಿಟ್ಟಿರಬಹುದು. ತೆಗೆದಿಡುವ ಹಲ್ಲಿನ ಸೆಟ್ ಇದ್ದವರು ರಾತ್ರಿ ಅದನ್ನು ತೆಗೆದು, ಉಜ್ಜಿ ಇಡಬೇಕು.

ಇನ್ನು ಜೊಲ್ಲು. ಬಾಯನ್ನು ದಿನವಿಡೀ ತೊಳೆಯುವುದು ಅದೇ. ನಿದ್ದೆಯಲ್ಲಿ ಕಡಿಮೆಯಾಗುವುದರಿಂದಲೇ ಬೆಳಗಿನ ವಾಸನೆ, ಅದು ಎಲ್ಲರಿಗೂ ಇರುವಂಥದ್ದು. ಬಾಯಿಂದ ಉಸಿರಾಡುವವರಿಗೆ, ಅಲರ್ಜಿ, ಖಿನ್ನತೆ ಅಥವಾ ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೆ ಹಗಲಲ್ಲೂ ಬಾಯಿ ಒಣಗುತ್ತದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಡಾಕ್ಟರನ್ನು ಕೇಳಿ. ಆಗಾಗ ನೀರು ಗುಟುಕರಿಸಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಜಗಿದರೂ ಜೊಲ್ಲು ಊರುತ್ತದೆ.

ಮೌತ್‌ವಾಶ್ ಬೇಕೇ ಬೇಕೆಂದರೆ ಆಲ್ಕೋಹಾಲ್ ಇಲ್ಲದ, ಸತುವಿನ ಅಂಶವಿರುವುದನ್ನು ಆರಿಸಿ. ಸತು ಗಂಧಕದ ಅನಿಲವನ್ನೇ ಹಿಡಿದು ಕಟ್ಟಿಹಾಕುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಬೆರೆತ ಮೌತ್‌ವಾಶ್ ಬಲವಾದದ್ದು ನಿಜ, ಆದರೆ ವಾರಗಟ್ಟಲೆ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ, ರುಚಿ ಕೆಡುತ್ತದೆ. ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಿ.

ಇಷ್ಟೆಲ್ಲ ಮೂರು ನಾಲ್ಕು ವಾರ ಮಾಡಿಯೂ ಉಳಿದರೆ ಗಂಟಲು, ಮೂಗು ನೋಡಿಸಿ. ಟಾನ್ಸಿಲ್ ಗುಳಿಗಳಲ್ಲಿ ಕೂರುವ ಬಿಳಿ ಹರಳು ಚಿಕ್ಕದಾದರೂ ವಿಪರೀತ ನಾರುತ್ತದೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗಲೇ ವಾಸನೆ ಹೆಚ್ಚೆಂದು ಪಕ್ಕದವರು ಹೇಳಿದರೆ ಸೈನಸ್ ಸೋಂಕಿನ ಅನುಮಾನ. ಸಕ್ಕರೆ ಕಾಯಿಲೆಯವರ ಉಸಿರಿಗೆ ಕೊಳೆತ ಹಣ್ಣಿನ ಅಥವಾ ಉಗುರುಬಣ್ಣ ಒರೆಸುವ ದ್ರವದ ವಾಸನೆ ಬಂದು, ಜೊತೆಗೆ ವಾಂತಿ, ಅತಿಯಾದ ಬಾಯಾರಿಕೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಜನ ಮೂಗು ಮುಟ್ಟಿಕೊಂಡರು, ಹಿಂದೆ ಸರಿದರು ಎಂಬುದನ್ನು ಸಾಕ್ಷಿ ಎಂದುಕೊಳ್ಳಬೇಡಿ. ಮನೆಯಲ್ಲಿ ಮುಲಾಜಿಲ್ಲದೆ ಮಾತಾಡುವ ಒಬ್ಬರನ್ನು ಕೇಳಿ. ಡಾಕ್ಟರ ಬಳಿ ಹೋಗುವ ದಿನ ಮೌತ್‌ವಾಶ್, ಗಮ್ ಯಾವುದನ್ನೂ ಬಳಸದೆ ಹೋಗಿ. ಘಮಘಮಿಸುವ ಬಾಯಿ ತೋರಿಸಿದರೆ ಅವರಿಗೆ ಏನೂ ಸಿಗುವುದಿಲ್ಲ.