ಯಾವ ಮಗ್ಗುಲಿಗೆ ಮಲಗಲಿ?

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರಗಳ ದೂರು ಹೆಚ್ಚುಕಡಿಮೆ ಒಂದೇ: "ಟೊಂಕ ನೋವು, ರಾತ್ರಿ ನಿದ್ದೆ ಇಲ್ಲ." ಓದುತ್ತಾ ಹೋದರೆ ಮೂರೂ ಬೇರೆ ಬೇರೆ ತೊಂದರೆ. ಬಾಗಲಕೋಟೆಯ ನವನಗರದಲ್ಲಿ ಫಿಸಿಯೋಥೆರಪಿ ಮಾಡುತ್ತಾ ನನಗೆ 26 ವರ್ಷ ಆಯಿತು. ನಮ್ಮ ಕಡೆ ಬೆನ್ನಿನ ಕೆಳಗೆ ನೋವಾದರೂ ಟೊಂಕ, ಪಕ್ಕದ ಚಪ್ಪೆ ನೋವಾದರೂ ಟೊಂಕ, ತೊಡೆಸಂದು ಹಿಡಿದುಕೊಂಡರೂ ಟೊಂಕ. ಅದಕ್ಕೇ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟೇ: ಒಂದೇ ಬೆರಳಿಟ್ಟು ತೋರಿಸಿ.

ಪ್ರಶ್ನೆ: ಬಾಯಾರೇ, ನನಗೆ 67 ವರ್ಷ. ಮಗ ಮನೆಯಲ್ಲೇ ಖಣ ನೇಯುತ್ತಾನೆ, ನಾನು ರಾಟಿ ಮುಂದೆ ಕೂತು ಕಂಡಿಕೆ ಸುತ್ತಿಕೊಡುತ್ತೇನೆ. ಏಳೆಂಟು ತಿಂಗಳಿಂದ ಬಲಗಡೆ ಟೊಂಕ ನೋವು. ಹಗಲು ಹೇಗೋ ತಳ್ಳುತ್ತೇನೆ, ರಾತ್ರಿ ತಡೆಯಲು ಆಗುವುದಿಲ್ಲ. ಬಲ ಮಗ್ಗುಲಿಗೆ ಮಲಗಿದರೆ ಕೆಂಡ ಇಟ್ಟ ಹಾಗೆ. ಎಡಕ್ಕೆ ಹೊರಳಿದರೆ ಅರ್ಧ ತಾಸು ಹಗುರ, ಆಮೇಲೆ ಮತ್ತೆ ಅದೇ ಬಲಗಡೆಯೇ ನೋವು. ಬೆನ್ನಿನ ಎಕ್ಸ್‌ರೇ ತೆಗೆಸಿದೆವು, ಎಲುಬು ಸವೆದಿದೆ ಎಂದರು. ಗಟ್ಟಿ ನೆಲ ಒಳ್ಳೆಯದು ಎಂದು ಎಲ್ಲರೂ ಹೇಳಿದ್ದಕ್ಕೆ ಮಂಚ ಬಿಟ್ಟು ಫರಸಿ ಮೇಲೆ ಚಾಪೆ ಹಾಸಿಕೊಂಡಿದ್ದೇನೆ. ನೋವು ಜಾಸ್ತಿಯೇ ಆಗಿದೆ. ಮೊಮ್ಮಗನಿಂದ ತುಳಿಸಿಕೊಂಡರೆ ಆ ಹೊತ್ತಿಗೆ ಸುಖ. ಮೆಡಿಕಲ್ ಶಾಪಿನ ನೋವಿನ ಗುಳಿಗೆ ದಿನಕ್ಕೆ ಎರಡು ನುಂಗುತ್ತೇನೆ. ಬಿಪಿ ಇದೆ. ನಾನು ಯಾವ ಮಗ್ಗುಲಿಗೆ ಮಲಗಲಿ?
— ಒಬ್ಬ ಓದುಗರು, ಗುಳೇದಗುಡ್ಡ

ಉತ್ತರ: ಅಕ್ಕಾರೇ, ನಿಮ್ಮ ಪತ್ರ ಓದಿ ನನ್ನ ಅವ್ವ ನೆನಪಾದಳು. 2009ರಲ್ಲಿ ಅವಳಿಗೂ ಹೀಗೇ ಆಗಿತ್ತು. ಅವಳದೂ ಬೆನ್ನಿನ ಎಕ್ಸ್‌ರೇ ಆಗಿತ್ತು, ಅದರಲ್ಲೂ ಸವೆತ ಕಂಡಿತ್ತು. ನಾನು ಇದೇ ಕೆಲಸ ಮಾಡುವವಳು, ಆದರೂ ಆರು ತಿಂಗಳು ಅವಳ ಬೆನ್ನಿಗೇ ಶಾಖ ಕೊಟ್ಟೆ. ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ಅವ್ವ ಗೋಡೆಗೆ ಒರಗಿ ಕೂತಿದ್ದಳು. "ಎಲ್ಲಿ ನೋಯುತ್ತೆ, ಬೆರಳಿಟ್ಟು ತೋರಿಸು" ಅಂದೆ. ಅವಳು ಬೆನ್ನು ಮುಟ್ಟಲೇ ಇಲ್ಲ. ಚಪ್ಪೆಯ ಪಕ್ಕದಲ್ಲಿ, ತೊಡೆಯ ಎಲುಬು ಹೊರಗೆ ಉಬ್ಬಿರುತ್ತದಲ್ಲ, ನೆಟ್ಟಗೆ ಆ ಗುಬುಟಿನ ಮೇಲೆ ಬೆರಳಿಟ್ಟಳು. ನಾನು ಅಲ್ಲಿ ಮೆಲ್ಲಗೆ ಒತ್ತಿದೆ. ಅವಳು ಉಸಿರು ಎಳೆದುಕೊಂಡು ನನ್ನ ಕೈ ಹಿಡಿದುಬಿಟ್ಟಳು. ಆರು ತಿಂಗಳಲ್ಲಿ ಒಂದು ಸಲವೂ ನಾನು ಅಲ್ಲಿ ಮುಟ್ಟಿ ನೋಡಿರಲಿಲ್ಲ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅರವತ್ತು ದಾಟಿದ ಯಾರ ಬೆನ್ನಿನ ಎಕ್ಸ್‌ರೇ ತೆಗೆದರೂ ಬಹುಮಟ್ಟಿಗೆ ಸವೆತ ಕಾಣುತ್ತದೆ. ನೋವು ಇಲ್ಲದವರಲ್ಲೂ ಕಾಣುತ್ತದೆ. ಕಂಡದ್ದೇ ಕಾರಣ ಅಂತ ಹೇಳಲು ಬರುವುದಿಲ್ಲ. ನೀವು ಬರೆದ ರೀತಿ ನೋಡಿದರೆ ನಿಮ್ಮದು ಪಕ್ಕದ ಆ ಗುಬುಟಿನ ನೋವು ಅಂತ ನನಗೆ ಅನಿಸುತ್ತದೆ. ಡಾಕ್ಟರುಗಳು ಇದನ್ನು ಗ್ರೇಟರ್ ಟ್ರೊಕ್ಯಾಂಟರಿಕ್ ಪೇನ್ ಸಿಂಡ್ರೋಮ್ ಎನ್ನುತ್ತಾರೆ. ನಲವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ಒಂದು ಗುರುತು ಹೇಳುತ್ತೇನೆ. ನಿಮಗೆ ಕೂತು ಕಾಲುಂಗುರ ಹಾಕಿಕೊಳ್ಳಲು, ಕಾಲಿನ ಉಗುರು ತೆಗೆಯಲು ತೊಂದರೆ ಇಲ್ಲ, ಆದರೆ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ, ಬಲಗಾಲಿನ ಮೇಲೆ ಭಾರ ಬಿಟ್ಟು ನಿಂತರೆ ಅದೇ ಜಾಗ ಚುರ್ ಎನ್ನುತ್ತದೆ ಅಂದರೆ ಬಹುಶಃ ಇದೇ. ನಿಂತು ನೋಡುವಾಗ ಗೋಡೆ ಹಿಡಿದುಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಡಕ್ಕೆ ಮಲಗಿದರೂ ಬಲಗಡೆಯೇ ಯಾಕೆ ನೋಯಬೇಕು? ನೂಲಿನ ನಡುವೆ ಬದುಕಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಚಪ್ಪೆಯ ಸ್ನಾಯುಗಳು ಕೊನೆಯಲ್ಲಿ ಹುರಿಯ ಹಾಗೆ ಗಟ್ಟಿಯಾಗಿ ಆ ಗುಬುಟಿಗೆ ಅಂಟಿಕೊಂಡಿರುತ್ತವೆ. ಅವುಗಳ ಮೇಲೆ, ತೊಡೆಯ ಹೊರಬದಿಗೆ, ಅಗಲವಾದ ಪಟ್ಟಿಯೊಂದು ಹಾದುಹೋಗುತ್ತದೆ. ಕಾಲು ಮೈಯ ನಡುಗೆರೆ ದಾಟಿ ಆಚೆ ಹೋದಾಗ ಈ ಪಟ್ಟಿ ಬಿಗಿಯಾಗಿ ಆ ಹುರಿಯನ್ನು ಎಲುಬಿಗೆ ಒತ್ತುತ್ತದೆ. ನೀವು ಎಡ ಮಗ್ಗುಲಿಗೆ ಮಲಗಿದಾಗ ಮೇಲಿರುವ ಬಲಗಾಲು ಮುಂದಕ್ಕೆ ಜೋತುಬಿದ್ದು ಚಾಪೆ ಮುಟ್ಟುತ್ತದೆ, ಅಲ್ವಾ? ಆಗ ಪಟ್ಟಿ ಬಿಗಿಯುತ್ತದೆ. ಬಲಕ್ಕೆ ಮಲಗಿದರೆ ಫರಸಿಯೇ ನೇರವಾಗಿ ಒತ್ತುತ್ತದೆ. ಹಾಗಾಗಿ ಎರಡೂ ಕಡೆ ಹಿಂಸೆ.

ನೆಲ ಬಿಡಿ. ಗಟ್ಟಿ ನೆಲ ಈ ನೋವಿಗೆ ಆಗುವುದಿಲ್ಲ. ಮಂಚದ ಮೇಲೆ ಹಾಸಿಗೆ, ಅದರ ಮೇಲೆ ಎರಡು ಕೌದಿ ಮಡಚಿ ಹಾಸಿ. ಎಡ ಮಗ್ಗುಲಿಗೆ ಮಲಗಿ. ಎರಡು ಕಾಲಿನ ನಡುವೆ ದಪ್ಪಗೆ ಏನಾದರೂ ಇರಲಿ, ಮೊಣಕಾಲಿನಿಂದ ಹಿಡಿದು ಪಾದದ ಗಂಟಿನ ತನಕ. ಬರೀ ಮೊಣಕಾಲಿಗೆ ಇಟ್ಟರೆ ಪಾದ ಕೆಳಗೆ ಜಗ್ಗುತ್ತದೆ, ಕೆಲಸ ಕೆಟ್ಟಂತೆ. ಅವ್ವನಿಗೆ ತಲೆದಿಂಬು ಕೊಟ್ಟು ನೋಡಿದೆ, ನಡುರಾತ್ರಿ ಜಾರಿ ಕೆಳಗೆ ಬೀಳುತ್ತಿತ್ತು. ಕೊನೆಗೆ ಅವಳೇ ಹೊಲಿದ ಹಳೆಯ ಕೌದಿಯನ್ನು ಉದ್ದಕ್ಕೆ ಬಿಗಿಯಾಗಿ ಸುತ್ತಿ, ಎರಡು ತುದಿಗೆ ಸೀರೆಯ ಅಂಚು ಕಟ್ಟಿದೆವು. ಇಳಕಲ್ ಸೀರೆ, ಪತ್ತಲ, ಅಪ್ಪನ ಧೋತರ ಎಲ್ಲ ಸೇರಿದ ಕೌದಿ ಅದು. ತೂಕ ಇತ್ತು, ಇಟ್ಟಲ್ಲೇ ಇರುತ್ತಿತ್ತು. ಮೂರನೇ ರಾತ್ರಿ ಅವಳು ಬೆಳಗಿನ ನಾಲ್ಕರವರೆಗೆ ಮಲಗಿದಳು. ಅಂಗಾತ ಮಲಗುವುದಾದರೆ ಅದನ್ನೇ ಮೊಣಕಾಲಿನ ಕೆಳಗೆ ಇಟ್ಟುಕೊಳ್ಳಿ.

ರಾತ್ರಿ ಸುಧಾರಿಸಬೇಕು ಅಂದರೆ ಹಗಲೂ ಸ್ವಲ್ಪ ಬದಲಾಗಬೇಕು. ರಾಟಿ ಮುಂದೆ ಎರಡೂ ಕಾಲು ಒಂದೇ ಕಡೆ ಮಡಚಿ ಕೂರುತ್ತೀರಿ ಅಂತ ನನ್ನ ಊಹೆ. ಅದೂ ಆ ಪಟ್ಟಿಯನ್ನು ಬಿಗಿಯುವ ಭಂಗಿಯೇ. ಸಾಧ್ಯವಾದರೆ ರಾಟಿಯನ್ನು ಎತ್ತರದ ಮೇಲಿಟ್ಟು ಕುರ್ಚಿಯಲ್ಲಿ ಕೂತು ಸುತ್ತಿ. ಕಾಲ ಮೇಲೆ ಕಾಲು ಬೇಡ. ಮೊಮ್ಮಗನನ್ನು ಟೊಂಕದ ಮೇಲೆ ಕೂರಿಸಿಕೊಳ್ಳುವಾಗ ಚಪ್ಪೆ ಹೊರಗೆ ಚಾಚಿ ಒಂದೇ ಕಾಲಿನ ಮೇಲೆ ಭಾರ ಬಿಡುತ್ತೇವೆ. ಸ್ವಲ್ಪ ದಿನ ಅವನನ್ನು ಕೂತುಕೊಂಡೇ ಮುದ್ದಿಸಿ. ತುಳಿಸಿಕೊಳ್ಳುವುದಂತೂ ಇವತ್ತೇ ನಿಲ್ಲಲಿ. ಆಗಲೇ ನೊಂದಿರುವ ಹುರಿಯನ್ನು ಎಲುಬಿಗೆ ಇಟ್ಟು ತುಳಿದ ಹಾಗೆ ಆಗುತ್ತದೆ. ಎಣ್ಣೆ ಹಚ್ಚಿ ಮೆತ್ತಗೆ ಸವರಿದರೆ, ಬಿಸಿನೀರಿನ ಚೀಲ ಇಟ್ಟರೆ ಅಡ್ಡಿಯಿಲ್ಲ.

ಇನ್ನು ವ್ಯಾಯಾಮ. ಇಷ್ಟೆಲ್ಲ ಹೇಳಿದ ಮೇಲೂ ಗುಣ ಮಾಡುವುದು ಇದೇ. ಅಂಗಾತ ಮಲಗಿ, ಮೊಣಕಾಲಿನ ಸ್ವಲ್ಪ ಮೇಲೆ ಎರಡೂ ತೊಡೆ ಸುತ್ತಿ ಹಳೆ ಸೀರೆಯ ಪಟ್ಟಿ ಕಟ್ಟಿಕೊಳ್ಳಿ. ಕಾಲುಗಳ ನಡುವೆ ಒಂದು ಗೇಣು ಜಾಗ ಇರಲಿ. ತೊಡೆಗಳನ್ನು ಮೆಲ್ಲಗೆ ಹೊರಕ್ಕೆ ಒತ್ತಿ, ಪಟ್ಟಿ ಬಿಗಿಯಾದರೆ ಸಾಕು. ಹತ್ತು ಎಣಿಸಿ ಬಿಡಿ. ಹೀಗೆ ಐದು ಸಲ, ಬೆಳಿಗ್ಗೆ ಮತ್ತು ಸಂಜೆ. ಒಂದೆರಡು ವಾರ ಕಳೆದ ಮೇಲೆ ಮೊಣಕಾಲು ಮಡಚಿ ಚಪ್ಪೆಯನ್ನು ಹಾಸಿಗೆಯಿಂದ ಮೇಲೆತ್ತಿ ಇಳಿಸುವುದು, ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಎಷ್ಟು ಮಾಡಬೇಕು ಅನ್ನುವುದನ್ನು ಆ ದಿನದ ರಾತ್ರಿಯೇ ಹೇಳುತ್ತದೆ. ರಾತ್ರಿ ನೋವು ಹೆಚ್ಚಾಯಿತೇ, ಮರುದಿನ ಅರ್ಧ ಮಾಡಿ. ಬಿಡಬೇಡಿ.

ಇಂಜೆಕ್ಷನ್ ತೆಗೆದುಕೊಳ್ಳಲೇ ಅಂತ ಬಹಳ ಜನ ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ 35ರಿಂದ 70 ವರ್ಷದ 204 ಜನರ ಮೇಲೆ ಇದೇ ನೋವಿನ ಬಗ್ಗೆ ಒಂದು ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. ಕೂರುವ, ಮಲಗುವ ರೀತಿ ಬದಲಿಸಿ ವ್ಯಾಯಾಮ ಮಾಡಿದವರು 8 ವಾರಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡವರಿಗಿಂತ ಚೆನ್ನಾಗಿದ್ದರು. ಅವ್ವನಿಗೆ ಪೂರ್ತಿ ಹಗುರಾಗಲು ನಾಲ್ಕು ತಿಂಗಳು ಹಿಡಿಯಿತು. ನೀವೂ ಎರಡು ಮೂರು ತಿಂಗಳ ಲೆಕ್ಕ ಇಟ್ಟುಕೊಳ್ಳಿ.

ಆ ಗುಳಿಗೆಗಳ ಬಗ್ಗೆ ನನಗೆ ನಿಜಕ್ಕೂ ಚಿಂತೆ. ಬಿಪಿ ಇರುವವರು ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಬಿಪಿ ಏರಬಹುದು, ಕಿಡ್ನಿಗೆ ಪೆಟ್ಟು, ಹೊಟ್ಟೆಯಲ್ಲಿ ಹುಣ್ಣು ಆಗಬಹುದು. ಗುಳಿಗೆಯ ಖಾಲಿ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಈ ವಾರವೇ ಡಾಕ್ಟರ್ ಹತ್ತಿರ ಹೋಗಿ ತೋರಿಸಿ. ಹೋದಾಗ ಅವರಿಗೂ ಬೆರಳಿಟ್ಟು ತೋರಿಸಿ. ಹೇಗೆ ಮಲಗಿದರೂ ಕಮ್ಮಿಯಾಗದ ನೋವು, ಜ್ವರ, ಸುಮ್ನೆ ತೂಕ ಇಳಿಯುವುದು ಇದ್ದರೆ, ಹಿಂದೆ ಎಂದಾದರೂ ಕ್ಯಾನ್ಸರ್ ಆಗಿದ್ದರೆ ಅದನ್ನು ಮೊದಲೇ ಹೇಳಿ. ಕಾಲು ಜೋಮು ಹಿಡಿದು ಮೂತ್ರ ಕಟ್ಟಿದರೆ ವಾರ ಅಲ್ಲ, ಅದೇ ದಿನ ಹೋಗಬೇಕು.

ಪ್ರಶ್ನೆ: ನಮ್ಮ ಅತ್ತೆಗೆ 74. ಮೂರು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಗೋಡೆ ಹಿಡಿದು ಎರಡು ಹೆಜ್ಜೆ ಇಡುತ್ತಾರೆ. ರಾತ್ರಿಯೆಲ್ಲ ಟೊಂಕ ನೋವೆಂದು ನರಳುತ್ತಾರೆ. ಎಡ ಪಾದ ಹೊರಗೆ ತಿರುಗಿದ ಹಾಗೆ ಕಾಣುತ್ತದೆ. ಎಲುಬು ಕಟ್ಟುವವರ ಹತ್ತಿರ ಪಟ್ಟು ಹಾಕಿಸಿ ಎನ್ನುತ್ತಾರೆ ಓಣಿಯವರು.
— ಸೊಸೆ, ಬೆಳಗಾವಿ

ಉತ್ತರ: ತಂಗಿ, ನಿನ್ನ ಪತ್ರ ಕೈಗೆ ಬಂದ ಗಂಟೆಯಲ್ಲೇ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದೇನೆ. ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ವಯಸ್ಸಾದವರು ಬಿದ್ದ ಮೇಲೆ ತೊಡೆಸಂದಿನಲ್ಲಿ ನೋವು, ಪಾದ ಹೊರಗೆ ತಿರುಗಿದೆ, ಕಾಲು ಗಿಡ್ಡ ಕಾಣುತ್ತಿದೆ ಅಂದರೆ ತೊಡೆ ಎಲುಬಿನ ಕುತ್ತಿಗೆ ಮುರಿದಿದೆ ಅಂತಲೇ ಹಿಡಿದು ನಡೆಯಬೇಕು. ಎರಡು ಹೆಜ್ಜೆ ನಡೆದರು ಅಂತ ಸುಮ್ಮನಿರಬಾರದು. ಮುರಿದ ಎಲುಬು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ನಡೆಯಲು ಬರುತ್ತದೆ, ಮುಂದಿನ ಹೆಜ್ಜೆಗೆ ಜಾರಬಹುದು. ಪಟ್ಟಿನಿಂದ ಇದು ಕೂಡುವುದಿಲ್ಲ. ಬಹುಮಟ್ಟಿಗೆ ಆಪರೇಷನ್ ಬೇಕಾಗುತ್ತದೆ, ಅದೂ 36ರಿಂದ 48 ಗಂಟೆಯೊಳಗೆ ಆದರೆ ಒಳ್ಳೆಯದು. ತಡವಾದಷ್ಟೂ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲದರ ಭಯ. 108ಕ್ಕೆ ಫೋನ್ ಮಾಡಿ, ಕಾಲು ಅಲುಗಾಡದಂತೆ ಎರಡೂ ಬದಿಗೆ ದಿಂಬು ಕೊಟ್ಟು, ಮಲಗಿದಂತೆಯೇ ಕರೆದೊಯ್ಯಿರಿ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ನಿವೃತ್ತ ಶಿಕ್ಷಕ, 71 ವರ್ಷ. ಒಂದು ಕಾಲಕ್ಕೆ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಗೋಳಗುಮ್ಮಟದ ಮೆಟ್ಟಿಲು ಹತ್ತಿದವನು. ಈಗ ಬಲ ತೊಡೆಸಂದಿನಲ್ಲಿ ನೋವು, ಮೊಣಕಾಲಿನವರೆಗೆ ಇಳಿಯುತ್ತದೆ. ಮೊಣಕಾಲಿನ ಎಕ್ಸ್‌ರೇಯಲ್ಲಿ ಹೆಚ್ಚೇನೂ ಇಲ್ಲವಂತೆ. ಕಾಲಿನ ಉಗುರು ತೆಗೆಯಲು ಮಗಳು ಬೇಕು. ಹಾಸಿಗೆಯಲ್ಲಿ ಹೊರಳಿದಾಗಲೆಲ್ಲ ಎಚ್ಚರವಾಗುತ್ತದೆ. ಬಲಗೈಯಲ್ಲಿ ಕೋಲು ಹಿಡಿದರೂ ಕುಂಟುತ್ತೇನೆ. ಈ ವಯಸ್ಸಿಗೆ ಆಪರೇಷನ್ ಸರಿಯೇ?
— ವಿಜಯಪುರ

ಉತ್ತರ: ಗುರುಗಳೇ, ನಿಮ್ಮ ನೋವು ಮೊಣಕಾಲಿನದಲ್ಲ, ತೊಡೆಯ ಗುಂಡು ಕೀಲಿನದು ಅಂತ ಅನಿಸುತ್ತದೆ. ಆ ಕೀಲಿಗೂ ಮೊಣಕಾಲಿಗೂ ಹೋಗುವ ನರಗಳು ಹಂಚಿಕೊಂಡಿರುವುದರಿಂದ ಅಲ್ಲಿಯ ನೋವು ಇಲ್ಲಿ ಕಾಣಿಸುತ್ತದೆ. ಉಗುರು ತೆಗೆಯಲು ಬಾರದಷ್ಟು ಬಿಗಿ ಇರುವುದು ದೊಡ್ಡ ಗುರುತು. ಎರಡೂ ಚಪ್ಪೆ ಕಾಣುವ ಎಕ್ಸ್‌ರೇ ಒಂದು ತೆಗೆಸಿ, ಸವೆತ ಎಷ್ಟಿದೆ ಎಂದು ತಿಳಿಯುತ್ತದೆ.

ಕೋಲನ್ನು ಎಡಗೈಗೆ ತನ್ನಿ. ನೋವಿರುವ ಕಡೆಯೇ ಹಿಡಿಯಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಕಾಲಿನ ಮೇಲೆ ನಿಂತಾಗ ಆ ಕೀಲಿನ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. ತಕ್ಕಡಿಯ ಹಾಗೆ, ಮೈ ಎಡಕ್ಕೆ ವಾಲದಂತೆ ಚಪ್ಪೆಯ ಸ್ನಾಯು ಬಲಗಡೆಯಿಂದ ಜಗ್ಗಿ ಹಿಡಿಯಬೇಕು, ಆ ಜಗ್ಗಾಟದ ಭಾರವೂ ಕೀಲಿಗೇ. ಎಡಗೈಯ ಕೋಲು ಆ ಕಡೆಯಿಂದ ಎತ್ತಿ ಹಿಡಿದರೆ ಸ್ನಾಯು ಅಷ್ಟು ಜಗ್ಗಬೇಕಾಗಿಲ್ಲ. ಮಕ್ಕಳಿಗೆ ತಕ್ಕಡಿ ಕಲಿಸಿದ ನಿಮಗೆ ಇದನ್ನು ನಾನು ಹೇಳಬೇಕೇ!

ರಾತ್ರಿ ಹೊರಳುವಾಗ ಎರಡೂ ಮೊಣಕಾಲು ಮಡಚಿ, ನಡುವೆ ದಿಂಬು ಇಟ್ಟು, ಭುಜ ಮತ್ತು ಚಪ್ಪೆ ಒಟ್ಟಿಗೆ ಬರುವಂತೆ ಹೊರಳಿ. ಕಮೋಡ್ ಇಲ್ಲದಿದ್ದರೆ ಹಾಕಿಸಿ. ನಡೆಯುವುದನ್ನು ನಿಲ್ಲಿಸಬೇಡಿ, ಮೆಟ್ಟಿಲು ಬೇಡ, ಗುಮ್ಮಟದ ತೋಟದಲ್ಲಿ ಬೆಳಿಗ್ಗೆ ಹತ್ತು ನಿಮಿಷ ಸಾಕು. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಕೀಲಿಗೆ ಗೊತ್ತಾಗುತ್ತದೆ.

ಆಪರೇಷನ್ನಿಗೆ 71 ಅಡ್ಡಿಯಲ್ಲ. ಹೃದಯ, ಸಕ್ಕರೆ, ರಕ್ತ ಪರೀಕ್ಷೆ ಸರಿ ಇರಬೇಕು ಅಷ್ಟೇ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಸರ್ಜನ್ 1962ರಲ್ಲಿ ಈಗಿನ ರೀತಿಯ ಕೀಲು ಬದಲಾವಣೆಗೆ ದಾರಿ ಮಾಡಿದರು, ಇದೇನೂ ಹೊಸ ಪ್ರಯೋಗವಲ್ಲ. ಮೂರು ತಿಂಗಳು ವ್ಯಾಯಾಮ, ಕೋಲು, ಡಾಕ್ಟರ್ ಕೊಟ್ಟ ಔಷಧ ಎಲ್ಲ ಆದ ಮೇಲೂ ರಾತ್ರಿ ನಿದ್ದೆ ಹಾಳಾಗುತ್ತಿದ್ದರೆ ಎಲುಬಿನ ಡಾಕ್ಟರಿಗೆ ಅದನ್ನೇ ಒತ್ತಿ ಹೇಳಿ. ನಿದ್ದೆ ಕೆಡಿಸುವ ನೋವು ಆಪರೇಷನ್ ನಿರ್ಧರಿಸುವಾಗ ಅವರು ಕೇಳುವ ಮುಖ್ಯ ಮಾತುಗಳಲ್ಲಿ ಒಂದು. ವಯಸ್ಸಾಯಿತು, ಇಷ್ಟೇ ಎಂದು ಅದನ್ನು ಮುಚ್ಚಿಡಬೇಡಿ.

ಕೋಲಿನ ಎತ್ತರವನ್ನೂ ಮಗಳಿಂದ ಅಳೆಸಿ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಕೆಳಗಿನ ರಬ್ಬರ್ ಸವೆದಿದ್ದರೆ ಇವತ್ತೇ ಬದಲಿಸಿ.