ಓದುಗರ ಪ್ರಶ್ನೆ: ಕುಡ್ತೆಗೆ ಎಷ್ಟು ಗ್ರಾಂ?

ಪ್ರಶ್ನೆ: ಇಡ್ಲಿಗೆ 250 ಗ್ರಾಂ ಉದ್ದಿನಬೇಳೆ, 500 ಗ್ರಾಂ ಇಡ್ಲಿ ರವೆ ಎಂದು ಓದಿದೆ. ನಮ್ಮಲ್ಲಿ ತಕ್ಕಡಿ ಇಲ್ಲ, ಹಿತ್ತಾಳೆಯ ಹಳೆ ಕುಡ್ತೆ ಮಾತ್ರ. ಅದರಲ್ಲಿ ಎಷ್ಟು ಹಾಕಬೇಕು? (ಬ್ರಹ್ಮಾವರದ ಓದುಗರು)

ಉತ್ತರ: ಕುಡ್ತೆ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಆದ್ದರಿಂದ ಮೊದಲು ನಿಮ್ಮದು ಎಷ್ಟು ಹಿಡಿಯುತ್ತದೆ ನೋಡಿ. ಅರ್ಧ ಲೀಟರ್ ಹಾಲಿನ ತೊಟ್ಟೆ ಒಡೆದು ಕುಡ್ತೆಯಲ್ಲಿ ಅಳೆಯುತ್ತ ಬನ್ನಿ. ಎರಡೂವರೆ ಕುಡ್ತೆ ಆದರೆ ಅದು 200 ಮಿಲಿಯದು, ಎರಡೇ ಆದರೆ 250 ಮಿಲಿಯದು.

200 ಮಿಲಿ ಕುಡ್ತೆ ತುಂಬ ಉದ್ದಿನಬೇಳೆ ಸುಮಾರು 165 ಗ್ರಾಂ, ಇಡ್ಲಿ ರವೆ ಸುಮಾರು 155 ಗ್ರಾಂ ತೂಗುತ್ತದೆ. ಅಂದರೆ ಬೇಳೆ ಒಂದೂವರೆ ಕುಡ್ತೆ, ರವೆ ಮೂರೂಕಾಲು. ಎರಡರ ತೂಕ ಹತ್ತಿರ ಹತ್ತಿರ ಇರುವುದರಿಂದ ಒಂದಕ್ಕೆ ಎರಡು ಎಂಬ ಲೆಕ್ಕ ಅಳತೆಯಲ್ಲೂ ನಡೆಯುತ್ತದೆ. ಇಡ್ಲಿ, ದೋಸೆಗೆ ತಕ್ಕಡಿ ತರುವ ಅಗತ್ಯ ನಮಗಂತೂ ಕಾಣುವುದಿಲ್ಲ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಅಳೆದರೆ ಸಾಕು.

ಆದರೆ ಅಳೆಯುವುದು ನೆನೆಹಾಕುವ ಮೊದಲೇ ಆಗಬೇಕು. ನೆಂದ ಉದ್ದು ಉಬ್ಬಿ ಸುಮಾರು ಎರಡರಷ್ಟಾಗುತ್ತದೆ. ಇನ್ನೊಂದು, ಕುಡ್ತೆಯನ್ನು ನೆಲಕ್ಕೆ ಕುಟ್ಟಬೇಡಿ. ಕುಟ್ಟಿದಾಗ ರವೆ ಕೆಳಗಿಳಿದು ಮೇಲೆ ಜಾಗವಾಗುತ್ತದೆ, ಅಲ್ಲಿಗೆ ಮತ್ತೆ ಒಂದು ಹಿಡಿ ಹೋಗುತ್ತದೆ. ಸಡಿಲವಾಗಿ ತುಂಬಿ, ಕಂಠದ ಮೇಲೆ ಚೂರಿಯ ಬೆನ್ನು ಎಳೆದು ಸಮ ಮಾಡಿ. ತೆಳು ಅವಲಕ್ಕಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದೇ ಕುಡ್ತೆ ತುಂಬಿದರೂ 50 ಗ್ರಾಂ ಆಗುವುದು ಕಷ್ಟ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕಳಿಸಿದ ಕೇಕ್ ವಿಧಾನದಲ್ಲಿ ಮೈದಾ 8 ಔನ್ಸ್, ಹಾಲು 8 ಔನ್ಸ್ ಎಂದಿತ್ತು. ಎರಡನ್ನೂ ಒಂದೊಂದು ಕಪ್ ಹಾಕಿದೆ. ಕೇಕ್ ನಡುವೆ ಕುಸಿಯಿತು. (ಮಂಗಳೂರು, ಬೆಂದೂರಿನ ಓದುಗರು)

ಉತ್ತರ: ಔನ್ಸ್ ಎಂಬ ಹೆಸರಿನಲ್ಲಿ ಎರಡು ಅಳತೆಗಳಿವೆ, ಎಡವಟ್ಟಾಗಿದ್ದು ಅಲ್ಲೇ. ಹಾಲಿನದು ದ್ರವದ ಔನ್ಸ್. 8 ಎಂದರೆ ಸುಮಾರು 237 ಮಿಲಿ, ಅಂದರೆ ಅವರ ಒಂದು ಕಪ್. ಮೈದಾದ್ದು ತೂಕದ ಔನ್ಸ್. ಒಂದಕ್ಕೆ 28.35 ಗ್ರಾಂ, 8ಕ್ಕೆ 227 ಗ್ರಾಂ. ಒಂದು ಕಪ್ ಮೈದಾ ತೂಗುವುದು 120-125 ಗ್ರಾಂ ಅಷ್ಟೇ. ಬೇಕಾದದ್ದರ ಅರ್ಧಕ್ಕಿಂತ ಚೂರು ಹೆಚ್ಚು ಹಾಕಿದ್ದೀರಿ, ಹಾಲು ಪೂರ್ತಿ ಇದೆ. ಹಿಟ್ಟು ನೀರಾಗಿ, ಉಬ್ಬಿದ್ದನ್ನು ಹಿಡಿದು ನಿಲ್ಲಿಸುವ ಬಲ ಅದಕ್ಕಿರಲಿಲ್ಲ.

ಇದರ ಉಲ್ಟಾ ತಪ್ಪೂ ಇದೆ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ ಮೈದಾ 150 ಗ್ರಾಂವರೆಗೂ ಹೋಗುತ್ತದೆ. ಮೂರು ಕಪ್ ಬೇಕಾದಲ್ಲಿ ಸುಮಾರು ಮುಕ್ಕಾಲು ಕಪ್ ಹೆಚ್ಚಾಗುತ್ತದೆ. ಕ್ರಿಸ್‌ಮಸ್ ಕುಸ್ವಾರಿನ (ಹಬ್ಬದ ತಿಂಡಿಗಳ) ಕಿಡಿಯೊ, ಅಂದರೆ ಮೈದಾದ ಕರಿದ ಸಿಹಿ ತಿಂಡಿ, ಕಲ್ಲಾಗಿದ್ದರೆ ಮೊದಲು ಇದನ್ನೇ ಸಂಶಯಿಸಿ. ಮೈದಾವನ್ನು ಜರಡಿ ಹಿಡಿದು ಚಮಚದಲ್ಲಿ ಕಪ್ಪಿಗೆ ಸುರಿಯಿರಿ. ಕೇಕ್ ಆಗಾಗ ಮಾಡುವವರು ತಕ್ಕಡಿ ಕೊಳ್ಳುವುದೇ ಲೇಸು.

ಪ್ರಶ್ನೆ: ಒಂದು ಲೀಟರ್ ತೆಂಗಿನೆಣ್ಣೆ ಒಂದು ಕಿಲೋ ಆಗುತ್ತದೆಯೇ? (ಕಾಪು)

ಉತ್ತರ: ಇಲ್ಲ, 910-920 ಗ್ರಾಂ. ತುಪ್ಪ ಸುಮಾರು 905. ಲೀಟರ್ ದರವನ್ನು ಕಿಲೋ ದರದೊಂದಿಗೆ ಹೋಲಿಸುವಾಗ ಇದು ನೆನಪಿರಲಿ.

ಪ್ರಶ್ನೆ: ಮಾವಿನ ಮಿಡಿಗೆ ಕಲ್ಲುಪ್ಪಿನ ಬದಲು ಪುಡಿ ಉಪ್ಪನ್ನು ಅದೇ ಅಳತೆಯಲ್ಲಿ ಹಾಕಬಹುದೇ? (ಕಾರ್ಕಳ)

ಉತ್ತರ: ಬೇಡ. ಹರಳುಗಳ ನಡುವೆ ಸಂದು ಇರುವುದರಿಂದ ಒಂದು ಕಪ್ ಕಲ್ಲುಪ್ಪು ಒಂದು ಕಪ್ ಪುಡಿಗಿಂತ ಹಗುರ. ಅದೇ ಕಪ್ಪಿನಲ್ಲಿ ಪುಡಿ ಅಳೆದರೆ ಮಿಡಿ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಪುಡಿಯ ಅಳತೆಗೆ ಕಲ್ಲುಪ್ಪು ಹಾಕಿದರೆ ಉಪ್ಪು ಸಾಲದೆ ಮಿಡಿ ಮೆತ್ತಗಾಗುತ್ತದೆ, ಬೂಸ್ಟೂ ಹಿಡಿಯುತ್ತದೆ. ತೂಕ ಒಂದೇ ಆದರೆ ಯಾವುದೂ ಸರಿ. ನಮ್ಮ ಕರಾವಳಿಯ ತೇವಕ್ಕೆ ಕಲ್ಲುಪ್ಪು ನೀರು ಕುಡಿದಿರುತ್ತದೆ, ಆ ನೀರೂ ತೂಕಕ್ಕೆ ಬರುತ್ತದೆ. ಹುರಿದು ಆರಿಸಿದ ಮೇಲೆ ತೂಗಿ. ತಕ್ಕಡಿ ಇಲ್ಲದಿದ್ದರೆ ಒಂದು ಕಿಲೋದ ಹೊಸ ಪ್ಯಾಕೆಟ್ ಒಡೆದು, ಒಂದೇ ಲೋಟದಲ್ಲಿ ಅಳೆದು ನಾಲ್ಕು ಸಮಪಾಲು ಮಾಡಿ. ಒಂದೊಂದು ಪಾಲು ಕಾಲು ಕಿಲೋ.