ಕೋಳಿ ಸಿಗಲ್ಲ ಅಂತಾರೆ, ಈಗಲೇ ತಂದು ಇಡಲಾ?

ಪ್ರಶ್ನೆ: ಡಾಕ್ಟ್ರೇ, ಮುಂದಿನ ವಾರದಿಂದ ಬ್ರಾಯ್ಲರ್ ಕೋಳಿ ಸರಿಯಾಗಿ ಬರಲ್ಲ, ರೇಟೂ ಏರುತ್ತೆ ಅಂತ ನಮ್ಮ ಅಂಗಡಿಯವರು ಹೇಳ್ತಿದ್ದಾರೆ. ಟ್ರಾಲ್ ಬೋಟ್ ನಿಂತಿರೋದ್ರಿಂದ ಮೀನೂ ಇಲ್ಲ. ತಿಂಗಳ ಕೊನೆಗೆ ಮೊಮ್ಮಗನ ಹುಟ್ಟುಹಬ್ಬ. 15 ಕೆಜಿ ಈಗಲೇ ತಂದು ಫ್ರಿಜ್ಜಲ್ಲಿ ಇಡಲಾ?
– ಓದುಗರು, ಕಂಕನಾಡಿ, ಮಂಗಳೂರು

ಉತ್ತರ: ಬೇಡ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಈ ಕೊರತೆ ಶುರುವಾಗಿದ್ದು ಏಪ್ರಿಲ್‌ನಲ್ಲೇ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು, ನಮ್ಮ ಕರಾವಳಿ ಗಾಳಿಯಲ್ಲಿ ತೇವ ಜಾಸ್ತಿ ಇರೋದ್ರಿಂದ ಎಷ್ಟು ಏದಿದರೂ ಸೆಕೆ ಇಳಿಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಕೋಳಿ ಸಾಯುತ್ತವೆ, ಸಾಕುವವರೂ ಶೆಡ್ಡಿಗೆ ಮರಿ ಕಡಿಮೆ ಬಿಡುತ್ತಾರೆ. ಆ ಕಡಿಮೆ ಬಿಟ್ಟ ಕೋಳಿ ಅಂಗಡಿಗೆ ಬರುವ ಹೊತ್ತಿಗೇ ಮೀನುಗಾರಿಕೆ ರಜೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ನಾಡದೋಣಿಯವರು ತರುವ ಮೀನು ಎಷ್ಟು ಮನೆಗೆ ಸಾಕು? ಎಲ್ಲರೂ ಕೋಳಿ ಅಂಗಡಿಗೇ ಬರುತ್ತಾರೆ.

ಮೊಟ್ಟೆ ಮರಿಯಾಗಲು 21 ದಿನ, ಮರಿ ಎರಡು ಕೆಜಿ ತೂಗಲು ಸುಮಾರು 40 ದಿನ. ಇವತ್ತು ಕೋಳಿ ಕಡಿಮೆ ಅಂದರೆ ಎರಡು ತಿಂಗಳ ಹಿಂದೆ ಮರಿ ಮಾಡಲು ಮೊಟ್ಟೆ ಕಡಿಮೆ ಇಟ್ಟಿದ್ದಾರೆ ಅಂತ. ಒಂದೆರಡು ತಿಂಗಳಲ್ಲಿ ಸರಿಹೋಗುವ ವಿಷಯ ಇದು. ಹೆದರಿ ಎಲ್ಲರೂ ಹದಿನೈದು ಹದಿನೈದು ಕೆಜಿ ಹೊತ್ತುಕೊಂಡು ಹೋದರೆ ಮಾತ್ರ ನಾಳೆಯೇ ರೇಟ್ ಏರುತ್ತದೆ.

ಇನ್ನು ಫ್ರಿಜ್ಜು. ಮೇಲಿನ ಸಣ್ಣ ಖಾನೆಯಲ್ಲಿ 15 ಕೆಜಿ ಒಟ್ಟಿಗೆ ತುರುಕಿದರೆ ಮಧ್ಯದ ಮಾಂಸ ಗಟ್ಟಿಯಾಗಲು ತುಂಬಾ ಹೊತ್ತು ಬೇಕು. ಮಳೆಗೆ ಕರೆಂಟ್ ಹೋಗಿ ಕರಗಿ ಬೆಚ್ಚಗಾಯಿತೋ, ಆ ಮಾಂಸವನ್ನು ಮತ್ತೆ ಫ್ರೀಜ್ ಮಾಡಿ ಮಕ್ಕಳಿಗೆ ಬಡಿಸುವುದು ನನ್ನಿಂದಾಗದ ಮಾತು. ಅಂಗಡಿಯವರಿಗೆ ಈಗಲೇ ಅಡ್ವಾನ್ಸ್ ಕೊಟ್ಟು ತಾರೀಕು ಹೇಳಿಡಿ. ಕೋಳಿ 10 ಕೆಜಿ ಸಾಕು, ಜೊತೆಗೆ ಮೊಟ್ಟೆ ಸುಕ್ಕ ಮಾಡಿ, ಮೊಟ್ಟೆ ಕೋಳಿಯ ಸಾಕಣೆಯೇ ಬೇರೆ, ಬ್ರಾಯ್ಲರ್ ಮರಿ ಕಡಿಮೆ ಬಿಟ್ಟರೆ ಅದು ಕಡಿಮೆಯಾಗಲ್ಲ. ಕೋರಿ ರೊಟ್ಟಿಗೆ ಗಸಿ (ಕೋಳಿ ಸಾರು) ಧಾರಾಳ ಇರಲಿ, ರೊಟ್ಟಿ ನೆನೆಯಬೇಕಾದ್ದು ಗಸಿಯಲ್ಲಿ ತಾನೆ.

ಪ್ರಶ್ನೆ: ನನ್ನದು 3,000 ಕೋಳಿಯ ಶೆಡ್, ಕಂಪನಿಗೆ ಕೋಳಿ ಸಾಕಿಕೊಡ್ತೀನಿ. ಕಂಪನಿಯವರು ಮರಿ ಕೊಡದೆ ಒಂದೂವರೆ ತಿಂಗಳಾಯ್ತು. ರೇಟ್ ಚೆನ್ನಾಗಿದೆ. ಸಾಲ ಮಾಡಿ ನಾನೇ ಮರಿ ತಂದು ಬಿಡಲಾ?
– ಓದುಗರು, ಕಾರ್ಕಳ

ಉತ್ತರ: ಖಾಲಿ ಶೆಡ್ ನೋಡುವ ಸಂಕಟ ನನಗೆ ಗೊತ್ತು. ಆದರೂ ಸಾಲ ಮಾಡಿ ಪೂರ್ತಿ ತುಂಬಿಸಬೇಡಿ. ಕಂಪನಿ ಲೆಕ್ಕದಲ್ಲಿ ಮರಿ, ಫೀಡ್, ಔಷಧಿ ಅವರದು. ಸ್ವಂತಕ್ಕೆ ಇಳಿದರೆ ಎಲ್ಲ ನಿಮ್ಮ ತಲೆಗೇ. ಒಂದು ಕೋಳಿ ಎರಡು ಕೆಜಿ ಆಗುವಷ್ಟರಲ್ಲಿ ಮೂರು ಕೆಜಿಗಿಂತ ಜಾಸ್ತಿ ಫೀಡ್ ತಿನ್ನುತ್ತದೆ, 3,000 ಕೋಳಿಗೆ ಹತ್ತು ಟನ್ ಹತ್ತಿರ. ಅದರಲ್ಲಿ ಮುಖ್ಯವಾದ ಮೆಕ್ಕೆಜೋಳ ದಾವಣಗೆರೆ, ಹಾವೇರಿ ಕಡೆಯಿಂದ ಘಟ್ಟ ಇಳಿದು ಬರಬೇಕು, ಈಗ ಎಥೆನಾಲ್ ಕಾರ್ಖಾನೆಗಳಿಗೂ ಅದೇ ಬೇಕು.

ಮರಿ ಬುಕ್ ಮಾಡಿ, ತಂದು, ಸಾಕಿ ಮುಗಿಯುವಾಗ ಆಗಸ್ಟ್. ಅಷ್ಟರಲ್ಲಿ ಮಲ್ಪೆ ಬೋಟುಗಳು ಕಡಲಿಗಿಳಿದಿರುತ್ತವೆ, ಬೂತಾಯಿ, ಬಂಗುಡೆ ಮೀನು ಬಂದಿರುತ್ತದೆ. ಹಿಂದೆಯೇ ಶ್ರಾವಣ, ಎಷ್ಟೋ ಮನೆಗಳಲ್ಲಿ ಮಾಂಸವೇ ಇಲ್ಲ. ರೇಟ್ ಬಿತ್ತು ಅಂತ ಕೋಳಿಯನ್ನು ಅಡಿಕೆ ಹಾಗೆ ಚೀಲ ಕಟ್ಟಿ ಇಡಲು ಆಗಲ್ಲ ಅಲ್ವಾ, ಇಟ್ಟಷ್ಟು ದಿನ ತಿನ್ನುತ್ತಲೇ ಇರುತ್ತದೆ. ಈಗಿನ ರೇಟ್ ನೋಡಿ ಮರಿ ಬಿಟ್ಟವರು ಹೀಗೇ ಕೈಸುಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ.

ದೀಪಾವಳಿ ಕಳೆದು ನೇಮ (ದೈವಗಳ ಕೋಲ), ಮದುವೆ ಶುರುವಾಗುವ ಹೊತ್ತಿಗೆ ಕೋಳಿ ಕೈಗೆ ಬರುವ ಹಾಗೆ ದೊಡ್ಡ ಬ್ಯಾಚ್ ಇಟ್ಟುಕೊಳ್ಳಿ. ಮುಂದಿನ ಮರಿ ಯಾವ ತಾರೀಕಿಗೆ ಅಂತ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ. ಸುಮ್ನೆ ಕೂರಲು ಆಗದಿದ್ದರೆ ಕೈಯಲ್ಲಿರುವ ದುಡ್ಡಿಗೆ 300 ಮರಿ ಸಾಕು, ಅದೂ ಹತ್ತಿರದ ಅಂಗಡಿಯವರ ಜೊತೆ ಮೊದಲೇ ಮಾತಾಡಿಕೊಂಡು. ಮಳೆಗಾಲದಲ್ಲಿ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಲು ಬಿಡಬೇಡಿ, ದಿನಾ ಕೆದಕಿ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ.